ಹುಲ್ಲು ಕೊಯ್ಲು ಹವ್ಯಾಸವಾಗುವ ಮುನ್ನ

ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಒಂದು ಹವ್ಯಾಸವಿದೆ. ವಾರವಿಡೀ ಬೇರೆ ಉದ್ಯೋಗ ಮಾಡುವ ಕೆಲವರು ಬೇಸಿಗೆಯ ಬಿಸಿಲು ಕಂಡೊಡನೆ ಎಪ್ಪತ್ತು ವರ್ಷ ಹಳೆಯ ಟ್ರ್ಯಾಕ್ಟರನ್ನು ಕೊಟ್ಟಿಗೆಯಿಂದ ಹೊರತೆಗೆಯುತ್ತಾರೆ. ಎರಡು-ಮೂರು ಎಕರೆ ಹುಲ್ಲುಗಾವಲನ್ನು ಕೊಯ್ದು, ತಿರುವಿಹಾಕಿ, ಒಣಗಿಸಿ, ಒಬ್ಬರೇ ಎತ್ತಬಲ್ಲಂಥ ಚಿಕ್ಕ ಹೊರೆಗಳನ್ನು ಕಟ್ಟುತ್ತಾರೆ. ಅವರಲ್ಲಿ ಅನೇಕರ ಮೆಚ್ಚಿನ ಯಂತ್ರ ಬೂದುಬಣ್ಣದ ಫರ್ಗುಸನ್ ಟಿಇ20. 1946ರಿಂದ 1956ರವರೆಗೆ ಕೊವೆಂಟ್ರಿಯಲ್ಲಿ ಇಂಥ ಐದು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ತಯಾರಾದವು.

ಇದನ್ನು ಹಳೆಯ ಕಬ್ಬಿಣದ ಮೋಹವೆಂದು ನಗುವವರಿದ್ದಾರೆ. ಅವರು ಮೊದಲು ಈ ಲೆಕ್ಕವನ್ನು ಗಮನಿಸಲಿ: 1930ರ ದಶಕದಿಂದ 1980ರ ದಶಕದ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳು ತಮ್ಮ ಹೂಬಿಡುವ ಹುಲ್ಲುಗಾವಲುಗಳಲ್ಲಿ ಸುಮಾರು ಶೇಕಡಾ 97ರಷ್ಟನ್ನು ಕಳೆದುಕೊಂಡವು. ಯುದ್ಧಕಾಲದಲ್ಲಿ ನೇಗಿಲು ಬಂತು. ಆಮೇಲೆ ರಾಸಾಯನಿಕ ಗೊಬ್ಬರ ಬಂತು. ಗೊಬ್ಬರವುಂಡ ಒಂದೆರಡು ಜಾತಿಯ ಹುಲ್ಲು ಕೊಬ್ಬಿ ಬೆಳೆದು ಉಳಿದ ಸಸ್ಯಗಳನ್ನು ಅದುಮಿತು. ಹಸಿಹುಲ್ಲನ್ನೇ ಹುದುಗಿಸಿಡುವ ಸೈಲೇಜ್ ಪದ್ಧತಿ ಬಂದಮೇಲೆ ವರ್ಷಕ್ಕೆ ಹಲವು ಕೊಯ್ಲುಗಳಾದವು. ಹೂವು ಬೀಜವಾಗುವುದಕ್ಕೆ ವ್ಯವಧಾನವೇ ಉಳಿಯಲಿಲ್ಲ.

ಒಣಹುಲ್ಲಿನ ಕ್ರಮ ಇದಕ್ಕೆ ತದ್ವಿರುದ್ಧ. ಜುಲೈವರೆಗೆ ಕಾಯಬೇಕು; ಅಷ್ಟರಲ್ಲಿ ಬೀಜ ಉದುರಿರುತ್ತದೆ. ಕೊಯ್ದ ಹುಲ್ಲನ್ನು ಬಿಸಿಲಿಗೆ ಹರಡುವಾಗ ಮಿಕ್ಕ ಬೀಜವೂ ನೆಲ ಸೇರುತ್ತದೆ. ಆತುರಪಟ್ಟು ಹಸಿಯಾಗಿಯೇ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ. ಹೊರೆ ಒಳಗೊಳಗೇ ಕಾದು ಬೆಂಕಿಯೂ ಹೊತ್ತಬಹುದು. ಕಾಯುವುದೇ ಇಲ್ಲಿಯ ವಿದ್ಯೆ. ದೈತ್ಯ ಯಂತ್ರ ತಿರುಗಲಾರದ ಇಳಿಜಾರಿನ ತುಂಡುಭೂಮಿಗೆ ಚಿಕ್ಕ ಯಂತ್ರವೇ ತಕ್ಕದ್ದು.

ಹಳೆಯದೆಲ್ಲ ಹೊನ್ನೆಂದು ನಾವು ವಾದಿಸುತ್ತಿಲ್ಲ. ಆ ಟ್ರ್ಯಾಕ್ಟರುಗಳು ತಯಾರಾದಾಗ ಮಗುಚಿದರೆ ಚಾಲಕನನ್ನು ಕಾಯುವ ಚೌಕಟ್ಟು ಅವುಗಳಲ್ಲಿರಲಿಲ್ಲ. ಇಳಿಜಾರಿನಲ್ಲಿ ಅವು ಪ್ರಾಣಾಪಾಯಕಾರಿ. ನಮ್ಮ ಪ್ರಶ್ನೆ ಬೇರೆ: ಒಂದು ನಾಡಿನ ರೈತನ ಬದುಕಾಗಿದ್ದ ಕೆಲಸ, ಸಂಬಳವುಳ್ಳವರ ಬಿಡುವಿನ ಆಟವಾಗಿ ಮಾತ್ರ ಉಳಿಯಬೇಕೆ? ಆ ಹವ್ಯಾಸಿಗಳಿಗೆ ನಮ್ಮ ವಂದನೆ. ಆದರೆ ಅವರ ಹವ್ಯಾಸ ಒಂದು ಸೋಲಿನ ಅವಶೇಷವೂ ಹೌದು.

ಮಲೆನಾಡಿನವರಾದ ನಮಗೆ ಆ ಸೋಲು ಇನ್ನೂ ಪೂರ್ತಿಯಾಗಿಲ್ಲ. ಮಳೆಗಾಲ ಮುಗಿದ ಮೇಲೆ ಬೇಣದ ಕರಡವನ್ನು ಕತ್ತಿಯಿಂದ ಕೊಯ್ಯಬಲ್ಲ ಕೈಗಳು ಇನ್ನೂ ಇವೆ. ಆದರೆ ಸರ್ಕಾರಿ ಕಡತದ ಕಣ್ಣಿಗೆ ಮರವಿಲ್ಲದ ನೆಲವೆಲ್ಲ ಬಂಜರು. ಅಲ್ಲಿ ಅಕೇಶಿಯಾ ನೆಟ್ಟು 'ಅರಣ್ಯೀಕರಣ'ವೆಂದು ಕರೆದರು. ದನಕ್ಕೆ ಮೇವು ಹೋಯಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿದ್ದು ಇದೇ ಕಾರಣಕ್ಕೆ: ಊರಿನ ಸಾಮೂಹಿಕ ನೆಲ ಕಾರ್ಖಾನೆಯ ಕಚ್ಚಾವಸ್ತುವಲ್ಲ.

ಆದ್ದರಿಂದ ಗ್ರಾಮಸಭೆಗಳಲ್ಲಿ ನಿರ್ಣಯವಾಗಲಿ: ಹುಲ್ಲುಗಾವಲು ಬಂಜರಲ್ಲ, ಅಲ್ಲಿ ನೆಡುತೋಪು ಬೇಡ. ವಿದ್ಯಾರ್ಥಿ ಮಿತ್ರರು ಈ ಸಲದ ಕೊಯ್ಲಿಗೆ ಹಿರಿಯರೊಡನೆ ಬೇಣಕ್ಕೆ ಹೋಗಲಿ. ಯಾವ ಹುಲ್ಲು ಯಾವಾಗ ಬಲಿಯುತ್ತದೆಂದು ಕೇಳಿ ಬರೆದಿಟ್ಟುಕೊಳ್ಳಲಿ. ನಮ್ಮ ಮೊಮ್ಮಕ್ಕಳು ಕತ್ತಿಯನ್ನು ಮ್ಯೂಸಿಯಮ್ಮಿನಿಂದ ಎರವಲು ತಂದು ಭಾನುವಾರ ಹುಲ್ಲು ಕೊಯ್ಯುವ ಕಾಲ ಬಾರದಿರಲಿ.