ಹೂವು ಬೆಳೆದವರದು, ಭಟ್ಟಿ ಯಾರದು?

ಗುಲಾಬಿ ಎಣ್ಣೆಗೆ ಕಿಲೋ ಒಂದಕ್ಕೆ ಹಲವು ಲಕ್ಷ ರೂಪಾಯಿ ಬೆಲೆಯಿದೆಯಂತೆ, ತೋಟದ ಅಂಚಿನಲ್ಲಿ ನಾವೂ ನಾಲ್ಕು ಸಾಲು ಏಕೆ ಹಾಕಬಾರದು ಎಂದು ಸದಸ್ಯ ಬಾಂಧವರಲ್ಲಿ ಕೆಲವರು ಈಚೆಗೆ ಸಂಘದ ಕಚೇರಿಯಲ್ಲಿ ವಿಚಾರಿಸುತ್ತಿದ್ದಾರೆ. ಬೆಲೆಯ ಮಾತು ಸುಳ್ಳಲ್ಲ. ಹಾಗೆಂದು ಸಸಿಗೆ ಮುಂಗಡ ಕೊಡುವ ಮೊದಲು ಆ ಬೆಲೆ ಯಾರ ಕೈ ಸೇರುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಮೊದಲು ಗಿಡದ ವಿಷಯ. ಸುಗಂಧ ತಯಾರಿಕೆಗೆ ಬೇಕಾದ ಗುಲಾಬಿ ಬೆಂಗಳೂರಿನ ಹೂವಿನ ಪೇಟೆಗೆ ಬರುವ ಉದ್ದ ಕಾಂಡದ ಗುಲಾಬಿಯಲ್ಲ. ಅದು ಡಮಾಸ್ಕ್ ಗುಲಾಬಿ. ನಸುಗೆಂಪು ಬಣ್ಣದ, ಮೆತ್ತನೆಯ ಎಸಳಿನ, ಹೂದಾನಿಯಲ್ಲಿ ಒಂದು ದಿನವೂ ಬಾಳದ ಹೂವು. ಬಲ್ಗೇರಿಯದ ಕಜಾನ್‌ಲಕ್ ಕಣಿವೆ, ತುರ್ಕಿಯ ಇಸ್ಪಾರ್ಟಾ, ಇರಾನಿನ ಕಾಶಾನ್ ಇದರ ಪ್ರಸಿದ್ಧ ನೆಲೆಗಳು. ನಮ್ಮ ದೇಶದಲ್ಲಿ ಕನೋಜಿನ ಸುತ್ತಮುತ್ತ ಮತ್ತು ರಾಜಸ್ಥಾನದ ಪುಷ್ಕರದಲ್ಲಿ ಬೆಳೆಯುತ್ತಾರೆ. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆ 'ನೂರ್‌ಜಹಾನ್' ಎಂಬ ತಳಿಯನ್ನೂ, ಹಿಮಾಚಲದ ಪಾಲಂಪುರದ ಸಂಶೋಧನಾ ಸಂಸ್ಥೆ 'ಜ್ವಾಲಾ', 'ಹಿಮರೋಜ್' ಎಂಬ ತಳಿಗಳನ್ನೂ ಕೊಟ್ಟಿವೆ. ಇದಕ್ಕೆ ಪೂರ್ತಿ ಬಿಸಿಲು ಬೇಕು, ಹೂ ಬಿಡುವ ಮೊದಲು ಒಳ್ಳೆಯ ಚಳಿ ಬೇಕು. ಮಳೆಗಾಲದ ನಾಲ್ಕು ತಿಂಗಳು ಎಲೆಯ ಮೇಲಿನ ನೀರು ಆರದ ನಮ್ಮ ಮಲೆನಾಡು, ಅದರಲ್ಲೂ ಕಾಫಿಯ ನೆರಳು, ಅದಕ್ಕೆ ಹೇಳಿಸಿದ ಜಾಗವಲ್ಲ. ಆದ್ದರಿಂದ ಬೆಳೆಯ ಪ್ರಶ್ನೆಗೆ ನಮ್ಮ ಉತ್ತರ 'ಬೇಡ' ಎಂದೇ. ಆದರೆ ಗುಲಾಬಿಯ ಕಥೆಯಿಂದ ಕಾಫಿ ಮತ್ತು ಅಡಿಕೆ ಬೆಳೆಗಾರರು ಕಲಿಯಬೇಕಾದದ್ದು ಸಾಕಷ್ಟಿದೆ.

ಆರು ಕಿಲೋ ಕಾಫಿ ಹಣ್ಣಿನಿಂದ ಒಂದು ಕಿಲೋ ಬೀಜ ಬಂದರೆ ನಾವು ಕಡಿಮೆಯಾಯಿತು ಎನ್ನುತ್ತೇವೆ. ಒಂದು ಕಿಲೋ ಗುಲಾಬಿ ಎಣ್ಣೆಗೆ ಬೇಕಾಗುವ ಹೂವು ಸುಮಾರು ಮೂರೂವರೆಯಿಂದ ನಾಲ್ಕು ಸಾವಿರ ಕಿಲೋ. ಹೂವೊಂದು ತೂಗುವುದು ಎರಡು ಮೂರು ಗ್ರಾಂ. ಅಂದರೆ ಹತ್ತು ಹನ್ನೆರಡು ಲಕ್ಷಕ್ಕೂ ಮೀರಿದ ಹೂಗಳನ್ನು ಒಂದೊಂದಾಗಿ ಕೈಯಿಂದ ಬಿಡಿಸಬೇಕು. ಹೂವಿನ ಕಾಲ ವರ್ಷಕ್ಕೊಮ್ಮೆ, ಬಲ್ಗೇರಿಯದಲ್ಲಿ ಮೇ ತಿಂಗಳ ನಡುವಿನಿಂದ ಮೂರು ನಾಲ್ಕು ವಾರ ಮಾತ್ರ. ಅದೂ ನಸುಕಿನಲ್ಲಿ ಆರಂಭಿಸಿ, ಬಿಸಿಲು ಏರುವುದರೊಳಗೆ ಕೊಯ್ಲು ಮುಗಿಯಬೇಕು. ಬಿಸಿಲಿಗೆ ಎಸಳಿನ ಎಣ್ಣೆ ಹಾರಿಹೋಗುತ್ತದೆ. ಕೊಯ್ದ ಹೂವನ್ನು ಚೀಲದಲ್ಲಿ ತುಂಬಿಟ್ಟರೆ ಬಿಸಿಯೇರಿ ಹುಳಿಯುತ್ತದೆ. ಬೆಳಿಗ್ಗೆ ಕೊಯ್ದದ್ದು ಅಂದೇ ಭಟ್ಟಿಗೆ ಬೀಳಬೇಕು.

ಭಟ್ಟಿ ಇಳಿಸುವ ಕ್ರಮವೂ ತಿಳಿದಿರಲಿ. ಹಂಡೆಯಲ್ಲಿ ಹೂವಿಗೆ ನಾಲ್ಕೈದು ಪಟ್ಟು ನೀರು ಹಾಕಿ ಕಾಯಿಸುತ್ತಾರೆ. ಹಬೆ ತಣಿದು ನೀರಾಗಿ ಇಳಿದಾಗ ಮೇಲೆ ತೇಲುವ ಎಣ್ಣೆ ಅತ್ಯಲ್ಪ. ಹೆಚ್ಚಿನ ಭಾಗ ನೀರಿನಲ್ಲೇ ಬೆರೆತಿರುತ್ತದೆ. ಆ ನೀರನ್ನು ಮತ್ತೆ ಭಟ್ಟಿ ಇಳಿಸಿದಾಗಲೇ ಉಳಿದ ಎಣ್ಣೆ ಕೈಗೆ ಸಿಗುವುದು. ಕೊನೆಗೆ ಉಳಿಯುವ ನೀರೇ ನಮ್ಮ ಮದುವೆ ಮನೆಗಳ ಪನ್ನೀರು. ಪಾರ್ಸಿ ಭಾಷೆಯಲ್ಲಿ 'ಗುಲ್' ಎಂದರೆ ಗುಲಾಬಿ, 'ಆಬ್' ಎಂದರೆ ನೀರು. ಅಲ್ಲಿ ಪನ್ನೀರಿಗೆ ಇದ್ದ ಹೆಸರನ್ನು ನಾವು ಹೂವಿಗೇ ಇಟ್ಟುಕೊಂಡಿದ್ದೇವೆ. ಆ ನೀರಿನ ಮೇಲೆ ಕಟ್ಟಿದ ಕೆನೆಯಿಂದ ಅತ್ತರು ಸಿಕ್ಕಿತೆಂದೂ, ಅದನ್ನು ಕಂಡುಹಿಡಿದವರು ನೂರ್‌ಜಹಾನಳ ತಾಯಿ ಎಂದೂ ಬಾದಶಹ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಇನ್ನೊಂದು ವಿಧಾನ ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಹೆಚ್ಚು ಬಳಕೆಯಲ್ಲಿದೆ. ಹೆಕ್ಸೇನಿನಂಥ ದ್ರಾವಕದಲ್ಲಿ ಹೂವನ್ನು ತೊಳೆದು ಮೇಣದಂಥ ವಸ್ತುವನ್ನು ತೆಗೆದು, ಅದನ್ನು ಮದ್ಯಸಾರದಲ್ಲಿ ಶುದ್ಧಗೊಳಿಸುತ್ತಾರೆ. ಹೀಗೆ ಸಿಗುವ ಸಾರದ ಪರಿಮಳ ತಾಜಾ ಹೂವಿಗೆ ಹತ್ತಿರವೆಂದು ಹೇಳುತ್ತಾರೆ.

ಸಾಬೂನು, ಅಗರಬತ್ತಿಗಳಲ್ಲಿ ನಮಗೆ ಬರುವ ಗುಲಾಬಿ ವಾಸನೆಯ ಬಹುಪಾಲು ಈ ಎಣ್ಣೆಯದಲ್ಲ. ಗುಲಾಬಿ ಎಣ್ಣೆಯಲ್ಲಿರುವ ಸಿಟ್ರೊನೆಲಾಲ್, ಜೆರಾನಿಯಾಲ್, ಫೀನೈಲ್ ಈಥೈಲ್ ಆಲ್ಕೊಹಾಲ್ ಇವೆಲ್ಲ ಕಾರ್ಖಾನೆಯಲ್ಲಿ ಅಗ್ಗವಾಗಿ ಸಿಗುತ್ತವೆ. ಆದರೂ ಉತ್ತಮ ಸುಗಂಧ ತಯಾರಕರು ಹೂವಿನ ಎಣ್ಣೆಯನ್ನು ಬಿಟ್ಟಿಲ್ಲ. ಅದರಲ್ಲಿ ನೂರಾರು ವಸ್ತುಗಳಿವೆ. ಸ್ವಿಸ್ ವಿಜ್ಞಾನಿಗಳು 1970ರಲ್ಲಿ ರಚನೆಯನ್ನು ಪ್ರಕಟಿಸಿದ ಡಮಾಸೆನೋನ್ ಎಂಬ ವಸ್ತು ಎಣ್ಣೆಯ ನೂರರಲ್ಲಿ ಒಂದು ಪಾಲೂ ಇಲ್ಲ, ಆದರೆ ಪರಿಮಳದಲ್ಲಿ ಅದರ ಪಾಲು ಬಲು ದೊಡ್ಡದು. ಇಂಥ ಅಲ್ಪ ವಸ್ತುಗಳೆಲ್ಲ ಸೇರಿದ ಮೇಳವನ್ನು ಅಗ್ಗದ ಮಿಶ್ರಣ ಕೊಡಲಾರದು. ಕೊಳ್ಳುವವನು ಲಕ್ಷಗಳನ್ನು ತೆರುವುದು ಇದಕ್ಕಾಗಿ.

ಈಗ ನಮ್ಮ ಪ್ರಶ್ನೆಗೆ ಬರೋಣ. ಈ ಲಕ್ಷಗಳಲ್ಲಿ ಹೂ ಬೆಳೆದವನಿಗೆ ಎಷ್ಟು? ಬೆಳಿಗ್ಗೆ ಹತ್ತು ಗಂಟೆಗೆ ಹೂವಿನ ಮೂಟೆ ಹೊತ್ತು ಭಟ್ಟಿಯ ಬಾಗಿಲಲ್ಲಿ ನಿಂತ ರೈತನ ಸ್ಥಿತಿಯನ್ನು ಸದಸ್ಯರು ಊಹಿಸಿಕೊಳ್ಳಲಿ. ಧಾರಣೆ ಸಾಲದೆಂದು ಮೂಟೆಯನ್ನು ಮನೆಗೆ ಹೊತ್ತೊಯ್ಯುವಂತಿಲ್ಲ. ನಾಳೆ ಮಾರುತ್ತೇನೆ ಎನ್ನುವಂತಿಲ್ಲ. ಅಂದಿನ ಮಧ್ಯಾಹ್ನದೊಳಗೆ ಅವನ ಮಾಲು ಕಸವಾಗುತ್ತದೆ. ತಕ್ಕಡಿ ಹಿಡಿದವನಿಗೆ ಇದು ಚೆನ್ನಾಗಿ ಗೊತ್ತು. ಕಜಾನ್‌ಲಕ್ ಕಣಿವೆಯ ರೈತರು 19ನೆಯ ಶತಮಾನದಲ್ಲಿ ಹಳ್ಳದ ದಡದಲ್ಲಿ ಸಣ್ಣ ತಾಮ್ರದ ಹಂಡೆಗಳನ್ನಿಟ್ಟು ತಾವೇ ಎಣ್ಣೆ ಇಳಿಸುತ್ತಿದ್ದರು. ಉಗಿಯಿಂದ ನಡೆಯುವ ದೊಡ್ಡ ಕಾರ್ಖಾನೆಗಳು ಬಂದ ಮೇಲೆ ಅವರಲ್ಲಿ ಬಹುಮಂದಿ ಬರಿಯ ಹೂ ಮಾರುವವರಾದರು. ಎರಡನೆಯ ಮಹಾಯುದ್ಧದ ನಂತರ ಭಟ್ಟಿಗಳು ಸರಕಾರದ ವಶವಾದವು, 1989ರ ನಂತರ ಖಾಸಗಿಯವರ ಕೈಗೆ ಹೋದವು. ಹೂವಿನ ಧಾರಣೆಯ ತಕರಾರು ಮಾತ್ರ ಮುಗಿಯಲಿಲ್ಲ. ಬೆಳೆಗಾರರನ್ನೂ ಭಟ್ಟಿಯವರನ್ನೂ ನೋಂದಣಿಗೆ ಒಳಪಡಿಸುವ ಪ್ರತ್ಯೇಕ ಕಾನೂನನ್ನೇ ಆ ದೇಶ 2020ರಲ್ಲಿ ತರಬೇಕಾಯಿತು.

ತುರ್ಕಿಯ ಇಸ್ಪಾರ್ಟಾದವರು ಹಿಡಿದ ದಾರಿ ನಮಗೆ ಹತ್ತಿರವಾದದ್ದು. 19ನೆಯ ಶತಮಾನದ ಕೊನೆಯಲ್ಲಿ ಇಸ್ಮಾಯಿಲ್ ಎಫೆಂದಿ ಎಂಬವರು ಅಲ್ಲಿಗೆ ಈ ಗಿಡವನ್ನು ತಂದರು. ಕಡ್ಡಿಗಳನ್ನು ಊರುಗೋಲಿನೊಳಗೆ ಅಡಗಿಸಿ ತಂದರೆಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. 1954ರಲ್ಲಿ ಗುಲಾಬಿ ಬೆಳೆಗಾರರ ಸಹಕಾರ ಸಂಘಗಳು ಸೇರಿ 'ಗುಲ್‌ಬಿರ್ಲಿಕ್' ಎಂಬ ಒಕ್ಕೂಟವಾಯಿತು. ಒಕ್ಕೂಟ ತನ್ನದೇ ಎಣ್ಣೆ ಕಾರ್ಖಾನೆಗಳನ್ನು ಕಟ್ಟಿತು, ತಾನೇ ಹೊರದೇಶಗಳಿಗೆ ಮಾರಿತು, ಪನ್ನೀರು ಮತ್ತು ಮುಲಾಮುಗಳನ್ನು 'ರೋಸೆನ್ಸ್' ಎಂಬ ಸ್ವಂತ ಹೆಸರಿನಲ್ಲಿ ಪೇಟೆಗೆ ಬಿಟ್ಟಿತು. ಖಾಸಗಿ ಭಟ್ಟಿಗಳು ಅಲ್ಲಿಯೂ ಇವೆ, ಇರಲಿ. ಬೆಳೆದವನಿಗೆ ತನ್ನದೇ ಆದ ಇನ್ನೊಂದು ಬಾಗಿಲು ಇದೆ ಎಂಬುದು ತಿಳಿದಾಗ ಮೊದಲ ಬಾಗಿಲಿನ ತಕ್ಕಡಿಯೂ ನೆಟ್ಟಗಾಗುತ್ತದೆ. ಸಹಕಾರ ಸಂಸ್ಥೆಯ ದೊಡ್ಡ ಪ್ರಯೋಜನ ಇದೇ ಎಂದು ನಾವು ತಿಳಿದಿದ್ದೇವೆ.

ಭಟ್ಟಿ ನಮ್ಮದಾದರೆ ಸಾಲದು, ಅದರಿಂದ ಹೊರಬರುವುದು ಶುದ್ಧವೂ ಆಗಿರಬೇಕು. ಮಧ್ಯ ಭಾರತದ ಪಾಮರೋಜಾ ಎಂಬ ಹುಲ್ಲಿನ ಎಣ್ಣೆ ಒಂದು ಕಾಲದಲ್ಲಿ ಮುಂಬಯಿಯಿಂದ ಕಾನ್‌ಸ್ಟಾಂಟಿನೋಪಲಿಗೆ ಹಡಗೇರಿ, ಗುಲಾಬಿ ಎಣ್ಣೆಯ ಕಲಬೆರಕೆಗೆ ಬಳಕೆಯಾಗುತ್ತಿತ್ತು. ಶುದ್ಧ ಗುಲಾಬಿ ಎಣ್ಣೆ ತಂಪಿನಲ್ಲಿ ಹೆಪ್ಪುಗಟ್ಟುತ್ತದೆ. ವರ್ತಕರು ಅದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡಾಗ, ಹೆಪ್ಪುಗಟ್ಟುವ ಮೇಣವನ್ನೂ ಬೆರೆಸುವ ಚತುರರು ಹುಟ್ಟಿಕೊಂಡರು. ಇಂದು ಪ್ರಯೋಗಾಲಯದ ಉಪಕರಣ ಘಟಕಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಗುಲಾಬಿ ಎಣ್ಣೆಗೆ ಅಂತರರಾಷ್ಟ್ರೀಯ ಮಾನಕವೂ ಇದೆ. ನಮ್ಮ ಕನೋಜಿನಲ್ಲಿ ಗುಲಾಬಿಯ ಹಬೆಯನ್ನು ಶ್ರೀಗಂಧದ ಎಣ್ಣೆಯೊಳಗೆ ಇಳಿಸಿ ಅತ್ತರು ಮಾಡುವುದು ಸಂಪ್ರದಾಯ. ನಮ್ಮ ರಾಜ್ಯದ ಗಂಧದ ಮರ ಕಾಡಿನಲ್ಲಿ ಕರಗಿ, ಎಣ್ಣೆಯ ಬೆಲೆ ಏರಿದಂತೆ ಅಲ್ಲಿ ಅನೇಕರು ಪ್ಯಾರಾಫಿನ್ ಎಣ್ಣೆಗೆ ಇಳಿದರು. ಅಗ್ಗದ ಅತ್ತರು ಸಿಕ್ಕಿತು, ಹಳೆಯ ಹೆಸರಿಗೆ ಪೆಟ್ಟು ಬಿತ್ತು. ಹಸಿ ಅಡಿಕೆಗೆ ಬಣ್ಣ ಕಟ್ಟುವ, ಒಳ್ಳೆಯ ಕಾಫಿಯ ಕೆಳಗೆ ಕಪ್ಪು ಬೀಜ ಸೇರಿಸುವ ಜಾಣರು ಈ ಕಥೆಯನ್ನು ಎರಡು ಸಲ ಓದಲಿ.

ನಮ್ಮ ಒಣ ಬೀಜ, ಒಣ ಅಡಿಕೆ ಗುಲಾಬಿಯಂತಲ್ಲ, ಉಗ್ರಾಣದಲ್ಲಿ ಕಾಯಬಲ್ಲವು. ಆ ಭಾಗ್ಯ ಒಣಗಿಸಿದವನಿಗೆ ಮಾತ್ರ. ಹಸಿಯಾಗಿರುವಾಗ ನಮ್ಮ ಬೆಳೆಯೂ ಗುಲಾಬಿಯೇ. ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕದಿದ್ದರೆ ಪಾರ್ಚ್‌ಮೆಂಟ್ ಕೆಡುತ್ತದೆ. ಹಸಿ ಅಡಿಕೆಯನ್ನು ಒಂದೆರಡು ದಿನದೊಳಗೆ ಸುಲಿದು ಬೇಯಿಸದಿದ್ದರೆ ಬಣ್ಣ ಹೋಗುತ್ತದೆ. ಪಲ್ಪರ್ ಇಲ್ಲದ, ಸುಲಿಯಲು ಜನ ಸಿಗದ, ಅಂಗಳ ಸಾಲದ ಎರಡು ಮೂರು ಎಕರೆಯ ಸದಸ್ಯರು ಹಣ್ಣನ್ನೇ ಮಾರುತ್ತಾರೆ, ಗೊನೆ ಮರದಲ್ಲಿರುವಾಗಲೇ ಚೇಣಿಗೆ ಕೊಡುತ್ತಾರೆ. ಚೇಣಿದಾರರನ್ನು ನಾವು ದೂರುವುದಿಲ್ಲ. ಸಂಸ್ಕರಣೆಯ ಕಷ್ಟ ಹೊತ್ತವನು ಅದರ ಲಾಭವನ್ನೂ ತೆಗೆದುಕೊಳ್ಳುತ್ತಾನೆ. ಆ ಕಷ್ಟವನ್ನು ನಾವೇ ಒಟ್ಟಾಗಿ ಏಕೆ ಹೊರಬಾರದು ಎಂಬುದಷ್ಟೇ ನಮ್ಮ ಪ್ರಶ್ನೆ. ಇದು ಆಗದ ಮಾತಲ್ಲ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ, ಹಸಿ ಕೊಕ್ಕೋ ಬೀಜ ಕೇಳುವವರಿಲ್ಲದೆ ಬೆಳೆಗಾರ ಕಂಗೆಟ್ಟಾಗ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ನಿಲ್ಲಿಸಿತು.

ನಮ್ಮ ಸಂಘದ ಮುಂದಿರುವ ಯೋಜನೆ ಅಷ್ಟು ದೊಡ್ಡದಲ್ಲ. ಸಂಘದ ಜಾಗದಲ್ಲಿ ಒಂದು ಪಲ್ಪರ್, ಅಡಿಕೆ ಸುಲಿಯುವ ಯಂತ್ರ, ಬೇಯಿಸುವ ಹಂಡೆಗಳು, ಒಣಗಿಸಲು ಕಣ. ಇದಕ್ಕೆ ಆಕ್ಷೇಪಗಳು ಕೇಳಿಬಂದಿವೆ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ ಕೆಲಸವಿರುವ ಯಂತ್ರಕ್ಕೆ ಹಣ ಹೂಡುವುದೇ ಎನ್ನುತ್ತಾರೆ. ಗುಲಾಬಿಯ ಭಟ್ಟಿಗೆ ಮೂರು ನಾಲ್ಕು ವಾರ ಮಾತ್ರ ಹೂವು, ಆದರೂ ಅದನ್ನು ಕಟ್ಟಿದವರು ಕೆಡಲಿಲ್ಲ. ನನ್ನ ಒಳ್ಳೆಯ ಹಣ್ಣು ಇನ್ನೊಬ್ಬರ ಹಸಿರು ಕಾಯಿಯೊಡನೆ ಬೆರೆಯುತ್ತದಲ್ಲ ಎನ್ನುತ್ತಾರೆ. ಇದು ನ್ಯಾಯವಾದ ಭಯ. ದರ್ಜೆ ನೋಡಿ ಪ್ರತ್ಯೇಕ ಲೆಕ್ಕ ಇಡುವುದಾಗದಿದ್ದರೆ ಯೋಜನೆಯನ್ನೇ ಕೈಬಿಡಬೇಕೆಂದು ಕಾರ್ಯದರ್ಶಿಯಾದ ನಾವೂ ಹೇಳುತ್ತೇವೆ. ಮೂರನೆಯ ತೊಡಕನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಧಾರಣೆ ಬಿದ್ದ ವರ್ಷ ಎಲ್ಲರೂ ಸಂಘಕ್ಕೆ ತರುತ್ತಾರೆ, ಏರಿದ ವರ್ಷ ದಾರಿಯಲ್ಲೇ ಲಾರಿಗೆ ತುಂಬುತ್ತಾರೆ. ಒಂದು ವರ್ಷ ತುಂಬಿ ಮರುವರ್ಷ ತಣ್ಣಗಾಗುವ ಹಂಡೆಯನ್ನು ಯಾವ ಸಂಘವೂ ನಡೆಸಲಾರದು. ಇಂತಿಷ್ಟು ಮೂಟೆ ತಂದೇ ತರುತ್ತೇವೆ ಎಂಬ ಒಪ್ಪಿಗೆಪತ್ರ ಸದಸ್ಯರಿಂದ ಮೊದಲು ಬರಬೇಕು, ಯಂತ್ರ ಆಮೇಲೆ ಬರಬೇಕು.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಮಂಡನೆಯಾಗಲಿದೆ. ಸಣ್ಣ ಹಿಡುವಳಿಯ ಸದಸ್ಯರು, ಹಿಂದಿನ ಸಾಲಿನಲ್ಲಿ ಕುಳಿತು ಎದ್ದು ಹೋಗುವವರು, ಈ ಸಲ ತಪ್ಪದೆ ಬಂದು ಮಾತನಾಡಬೇಕೆಂದು ಕೋರುತ್ತೇವೆ. ಬರುವಾಗ ಕಳೆದ ಫಸಲಿನಲ್ಲಿ ಎಷ್ಟು ಹಣ್ಣು, ಎಷ್ಟು ಹಸಿ ಅಡಿಕೆ, ಯಾವ ಧಾರಣೆಗೆ ಕೊಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಒಣಮಾಲಿನ ಧಾರಣೆಯ ಪಕ್ಕದಲ್ಲಿ ಅದನ್ನಿಟ್ಟು ನೋಡಿ, ಸಭೆಯಲ್ಲಿಯೇ ತೀರ್ಮಾನಕ್ಕೆ ಬರೋಣ.