ಎರಡು ದಿನದ ವಿಹಾರ, ಒಂದೇ ಪಂಕ್ತಿ

ಬೆಂಗಳೂರಿನಲ್ಲಿ ವಾಸಮಾಡುವವರಿಗೆ ಶನಿವಾರ ಬಂತೆಂದರೆ ಊರು ಬಿಟ್ಟು ಓಡಬೇಕೆಂಬ ತವಕ. ಗಿಡಮರಗಳ ನಡುವೆ ಎರಡು ದಿನ ಸುಮ್ಮನೆ ಕುಳಿತು ಬರೋಣವೆಂದು ಹೊರಡುತ್ತಾರೆ. ಸುಮ್ಮನೆ ಕೂರುವುದೊಂದು ಮಾತ್ರ ಅವರಿಂದಾಗದು. ಬೆಳಗ್ಗೆ ಬೆಟ್ಟ, ಮಧ್ಯಾಹ್ನ ಜಲಾಶಯ, ಸಂಜೆ ದೇವಸ್ಥಾನ, ಮರುದಿನ ಮತ್ತೆ ಅಷ್ಟೇ. ಹೀಗೆ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಬಲು ಶ್ರದ್ಧೆಯಿಂದ ಬರೆದುಕೊಳ್ಳುವವರು ಊಟದ ಮಾತು ಬಂದಾಗ “ದಾರಿಯಲ್ಲಿ ಏನಾದರೂ ಸಿಕ್ಕೀತು” ಎಂದು ಕೈಬಿಡುತ್ತಾರೆ. ಏನಾದರೂ ಸಿಕ್ಕೀತು, ನಿಜ. ಸಿಕ್ಕಿದ್ದು ಜೊತೆಗೆ ಬಂದವರೆಲ್ಲರಿಗೂ ಸಲ್ಲುವುದೋ ಎಂಬುದೇ ಪ್ರಶ್ನೆ.

ಈಚೆಗೆ ನಮ್ಮ ಕಾಲೇಜಿನ ಐದಾರು ಮಂದಿ ಅಧ್ಯಾಪಕರು ಸಂಸಾರಸಮೇತರಾಗಿ ರಾಮನಗರದ ಕಡೆಗೆ ಎರಡು ದಿನ ಹೋಗಿಬರುವ ಯೋಚನೆ ಮಾಡಿದೆವು. ಏರ್ಪಾಟಿನ ಹೊಣೆ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಉರ್ದು ಬೋಧಿಸುವವರೊಬ್ಬರಿದ್ದಾರೆ. “ಸಾಹೇಬರೇ, ನಿಮ್ಮ ಊಟಕ್ಕೆ ಏನು ಅನುಕೂಲ ಮಾಡಲಿ?” ಎಂದು ಕೇಳಿದೆ. “ನನ್ನದೇನು ಬಿಡಿ ಮೇಷ್ಟ್ರೇ, ಎರಡು ಬಾಳೆಹಣ್ಣಾದರೆ ಸಾಕು” ಎಂದು ನಕ್ಕರು. ಆ ಬಾಳೆಹಣ್ಣಿನ ಹಿಂದೆ ಎಷ್ಟೋ ಪ್ರವಾಸಗಳ ಅನುಭವವಿದ್ದಿರಬೇಕು. ಹತ್ತು ಮಂದಿ ಎಲೆಯ ಮುಂದೆ ಕುಳಿತಿರುವಾಗ “ನನಗೆ ಹಸಿವಿಲ್ಲ” ಎನ್ನಬೇಕಾಗಿ ಬರುವವನಿಗೆ ಹಸಿವೆಯನ್ನು ತಡೆಯುವುದು ಅಷ್ಟೇನೂ ಕಷ್ಟವಲ್ಲ. ಆ ಮಾತನ್ನು ಇತರರು ನಂಬುವಂತೆ ಹೇಳುವುದೇ ಕಷ್ಟ. ಆದುದರಿಂದ ಈ ಸಲ ನಾನು ಏರ್ಪಾಟನ್ನು ಬೆಟ್ಟದ ತುದಿಯಿಂದ ತೊಡಗದೆ ಊಟದ ತಟ್ಟೆಯಿಂದಲೇ ತೊಡಗಿದೆ.

ಹಲಾಲ್ ಎಂದರೆ ಧರ್ಮಸಮ್ಮತವಾದುದು ಎಂದಷ್ಟೇ ಅರ್ಥ. ಮಾಂಸದ ವಿಷಯದಲ್ಲಿ, ದೇವರ ಹೆಸರು ಹೇಳಿ ಪ್ರಾಣಿಯ ಕೊರಳನ್ನು ಹರಿತವಾದ ಕತ್ತಿಯಿಂದ ಕೊಯ್ದು ನೆತ್ತರು ಬಸಿದು ಹೋಗಲು ಬಿಟ್ಟಿರಬೇಕು. ಹಂದಿಯ ಮಾಂಸ, ನೆತ್ತರು, ಮದ್ಯ ಇವು ವರ್ಜ್ಯ. ಮೀನಿಗೆ ಕೊಯ್ಯುವ ಕಟ್ಟಳೆಯಿಲ್ಲ; ಆದರೆ ಅದನ್ನು ಕರಿದ ಬಾಣಲೆಯಲ್ಲಿ ಮೊದಲು ಏನು ಬೆಂದಿತ್ತೆಂಬ ವಿಚಾರ ಉಳಿದೇ ಇರುತ್ತದೆ. ಕಾಯಿಪಲ್ಯ, ಕಾಳು, ಹಾಲು, ಹಿಟ್ಟಿನ ತಿನಿಸುಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಇಷ್ಟರ ಮೇಲೆ ಒಬ್ಬೊಬ್ಬರ ನಿಷ್ಠೆ ಒಂದೊಂದು ಬಗೆ. ಮದ್ಯ ಮಾರುವ ಛತ್ರದಲ್ಲಿ ಅನ್ನಸಾರನ್ನೂ ಮುಟ್ಟದವರುಂಟು. ಅಷ್ಟು ಬಿಗಿ ಹಿಡಿಯದವರೂ ಉಂಟು. ಊಹಿಸುವುದಕ್ಕಿಂತ ಕೇಳುವುದು ಲೇಸು. ಕೇಳುವುದನ್ನು ಹೊರಡುವ ಮುನ್ನ, ಒಬ್ಬರೇ ಇದ್ದಾಗ ಕೇಳಬೇಕೇ ಹೊರತು ಬಡಿಸುವವನು ಸೌಟು ಹಿಡಿದು ನಿಂತಾಗಲಲ್ಲ.

ಈ ದೃಷ್ಟಿಯಿಂದ ನೋಡಿದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗಿಂತ ಒಳ್ಳೆಯ ಜಾಗ ಬೆಂಗಳೂರಿನ ಸುತ್ತ ಸಿಕ್ಕುವುದು ದುರ್ಲಭ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯಾದ ಈ ಪ್ರದೇಶಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರಾಯಿತು. ರಾಮನಗರದ ಊರಿಗೂ ಹೆಸರಿನ ಬದಲಾವಣೆ ಹೊಸದಲ್ಲ. ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ನೆನಪಿಗಾಗಿ ಬಹುಕಾಲ ಅದು ಕ್ಲೋಸ್‌ಪೇಟೆಯಾಗಿತ್ತು. ಇಲ್ಲಿಯ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಹೆಸರಿಗಾಗಿ ಜಗಳವಾಡುವವರು ಒಮ್ಮೆ ಆ ಬಂಡೆಗಳ ಕೆಳಗೆ ನಿಂತು ಬರಬಹುದು.

ರೈಲಿನಲ್ಲಿ ಹೋಗುವುದೇ ಸುಖ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೈಸೂರಿನ ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ; ಮೋಟಾರಿನಲ್ಲಿ ಹೊರಟವರು ಹಳೆಯ ರಸ್ತೆಗೆ ಇಳಿಯದಿದ್ದರೆ ಊರೇ ಕಾಣದು. ಇಳಿದವರಿಗೆ ಬಿಡದಿಯ ತಟ್ಟೆ ಇಡ್ಲಿ ಸಿಕ್ಕುತ್ತದೆ. ಅಂಗೈಯಗಲ ಮೀರಿದ ಆ ಬಿಳಿಯ ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿರುವಾಗ ಯಾರ ಶಾಸ್ತ್ರಕ್ಕೂ ಅಡ್ಡಿ ಬಾರದು.

ಮೊದಲನೆಯ ದಿನ ರಾಮದೇವರ ಬೆಟ್ಟ. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ಈ ಬೆಟ್ಟವನ್ನು ಜನ 1975ರ ‘ಶೋಲೆ’ ಚಿತ್ರದಿಂದಲೇ ಹೆಚ್ಚಾಗಿ ಬಲ್ಲರು. ಗಬ್ಬರ್‌ಸಿಂಗನ ಬಂಡೆ ಯಾವುದೆಂದು ಹುಡುಕುವವರು ತಲೆಯೆತ್ತಿ ಆಕಾಶ ನೋಡುವುದನ್ನು ಮರೆಯುತ್ತಾರೆ. ಉದ್ದಕೊಕ್ಕಿನ ರಣಹದ್ದುಗಳು ಈಗ ಇಲ್ಲಿ ಬೆರಳೆಣಿಕೆಯಷ್ಟು. ದೇಶಾದ್ಯಂತ ಅವು ಅಳಿದುದಕ್ಕೆ ಕಾರಣ ಹಸಿವಲ್ಲ, ಊಟ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಹದ್ದುಗಳು ಮಾತ್ರ ಹಿಂದಿನ ಸಂಖ್ಯೆಗೆ ಮರಳಲಿಲ್ಲ. ತಮ್ಮ ಆಹಾರ ಎಲ್ಲಿಂದ ಬಂತೆಂದು ವಿಚಾರಿಸುವ ಸೌಲಭ್ಯ ಪಾಪ, ಪಕ್ಷಿಗಳಿಗಿಲ್ಲ. ಪುಣ್ಯವಿದ್ದರೆ ಬಂಡೆಯ ಸಂದಿನ ಕುರುಚಲು ಗಿಡದಲ್ಲಿ ಹಳದಿ ಕತ್ತಿನ ಪಿಕಳಾರ ಕಂಡೀತು. ಮಾತು ಕಡಿಮೆ ಮಾಡಿದರೆ ಪುಣ್ಯ ತುಸು ಹೆಚ್ಚುತ್ತದೆ.

ಬೆಟ್ಟವಿಳಿದು ಊರೊಳಗೆ ಬಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಸುತ್ತಲ ಹಳ್ಳಿಗಳ ರೈತರು ಹಿಪ್ಪುನೇರಳೆ ಬೆಳೆದು ಹುಳು ಸಾಕಿ ಗೂಡು ತರುತ್ತಾರೆ. ಕೊಂಡು ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಮುಸಲ್ಮಾನರು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಹೊತ್ತುವುದಿಲ್ಲ. ಹೀಗಾಗಿಯೇ ರಾಮನಗರದಲ್ಲಿ ಹಲಾಲ್ ಊಟಕ್ಕೆ ಅಲೆಯಬೇಕಾಗಿಲ್ಲ. ಪೇಟೆಯ ಬೀದಿಗಳಲ್ಲಿ ಬಿರಿಯಾನಿ, ಪರೋಟ, ಖೀಮಾ ಮಾಡುವ ಮುಸಲ್ಮಾನರ ಸಣ್ಣ ಹೋಟೆಲುಗಳುಂಟು. ಪಕ್ಕದಲ್ಲೇ ಸಸ್ಯಾಹಾರಿಗಳ ಉಪಾಹಾರಮಂದಿರಗಳೂ ಉಂಟು. ತೊಡಕಿರುವುದು ಮಿಲಿಟರಿ ಹೋಟೆಲುಗಳಲ್ಲಿ. ಮುದ್ದೆ, ಕಾಲುಸೂಪು, ದೊನ್ನೆ ಬಿರಿಯಾನಿ ಎಲ್ಲ ಸೊಗಸೇ. ಆದರೆ ಮಾಂಸ ಯಾರ ಅಂಗಡಿಯದೆಂದು ಕೇಳಿಯೇ ತಿಳಿಯಬೇಕು.

ಈ ಮಾತನ್ನು ಕೇಳುವುದು ಈಚೆಗೆ ಸಲೀಸಾಗಿ ಉಳಿದಿಲ್ಲ. 2022ರ ಯುಗಾದಿಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸವನ್ನು ಬಹಿಷ್ಕರಿಸಬೇಕೆಂಬ ಕೂಗೆದ್ದಿತು. ಯುಗಾದಿಯ ಮರುದಿನ ಹೊಸತೊಡಕು. ಒಕ್ಕಲು ಮನೆಗಳಲ್ಲಿ ಬಾಡಿನಡಿಗೆಯ ದಿನ. ಅದುವರೆಗೆ ಸಾಬರ ಅಂಗಡಿಯ ಮುಂದೆ ನಸುಕಿನಲ್ಲೇ ಸಾಲು ನಿಲ್ಲುತ್ತಿದ್ದವರಿಗೆ ಕತ್ತಿ ಹಿಡಿದ ಕೈ ಯಾರದೆಂಬುದು ದೊಡ್ಡ ಸಮಸ್ಯೆಯಾಗಿರಲಿಲ್ಲ. ಎಳೆಯ ಮಾಂಸವೋ ಬಲಿತದ್ದೋ ಎಂಬುದೇ ಸಮಸ್ಯೆಯಾಗಿತ್ತು. ಹಲಾಲ್ ಬೇಡವೆನ್ನುವವರ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಸಿಖ್ಖರಿಗೂ ಅದು ನಿಷಿದ್ಧವೇ. ಬೇಡವೆನ್ನುವುದು ಬೇರೆ, ಮಾರುವವನ ಅಂಗಡಿ ಮುಚ್ಚಲಿ ಎನ್ನುವುದು ಬೇರೆ. ಒಂದೇ ತಂಡದಲ್ಲಿ ಎರಡು ಬಗೆಯವರೂ ಇದ್ದರೆ ನಮ್ಮ ಸೀಮೆಯಲ್ಲಿ ಅದಕ್ಕೂ ಉಪಾಯವುಂಟು: ಬಿಸಿ ರಾಗಿಮುದ್ದೆ, ಬಸ್ಸಾರು, ಕಾಲವಾದರೆ ಹಿತಕಿದ ಅವರೆಬೇಳೆ. ಅದರ ಮುಂದೆ ಬಿರಿಯಾನಿಯನ್ನು ನೆನೆದು ದುಃಖಿಸುವವನು ಮುದ್ದೆಯ ರುಚಿ ಬಲ್ಲವನಲ್ಲ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಚನ್ನಪಟ್ಟಣದ ದಾರಿ ಹಿಡಿಯಬಹುದು. ನಡುವೆ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. 1994ರಲ್ಲಿ ಆರಂಭವಾದ ಆ ಸಂಗ್ರಹಾಲಯವನ್ನು ಕನ್ನಡ ಮೇಷ್ಟರಾದ ನಾನು ಹೊಗಳಲು ತೊಡಗಿದರೆ ಈ ಪುಟ ಸಾಲದು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವುದನ್ನು ನೋಡಬೇಕು. ಹಾಲೆಮರದ ತುಂಡು ಚರಕಿಯಲ್ಲಿ ಗಿರ್ರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಗರಿಯಿಂದ ಉಜ್ಜಿದರೆ ಹೊಳಪು. ಊರಿನ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆಯೆಂದು ಗ್ಯಾಸೆಟಿಯರು ಹೇಳುತ್ತದೆ. ಒಂದು ಟಿಪ್ಪುವಿನ ಗುರು ಅಕಿಲ್ ಶಾ ಖಾದ್ರಿಯವರದು. ಇನ್ನೊಂದು ಸಯ್ಯದ್ ಇಬ್ರಾಹಿಂ ಎಂಬ ದಂಡನಾಯಕನದು. ಸೆರೆಸಿಕ್ಕ ಆಂಗ್ಲ ಕೈದಿಗಳನ್ನು ದಯೆಯಿಂದ ಕಂಡವನೆಂದು ಶತ್ರುಗಳೇ ನೆನೆದ ಮನುಷ್ಯ ಆತ.

ಎರಡನೆಯ ದಿನಕ್ಕೆ ಕನಕಪುರವೋ ಮಾಗಡಿಯೋ ಒಂದನ್ನು ಆರಿಸಿಕೊಳ್ಳಿ. ಎರಡನ್ನೂ ನೋಡಿದೆವೆನ್ನುವವರು ನೋಡಿದ್ದು ಹೆಚ್ಚಾಗಿ ಮೋಟಾರಿನ ಗಾಜನ್ನೇ. ಮಾಗಡಿಯ ಕಡೆಯ ಸಾವನದುರ್ಗ 1226 ಮೀಟರ್ ಎತ್ತರದ ಏಕಶಿಲೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದ ಕೋಟೆ. ಬುಡದಲ್ಲಿ ವೀರಭದ್ರನೂ ನರಸಿಂಹನೂ ಇದ್ದಾರೆ, ದರ್ಗಾ ಕೂಡ ಇದೆ. ಮೇಲೇರುವುದು ಪಡ್ಡೆಹುಡುಗರಿಗಿರಲಿ, ಅವರೂ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಲಿ.

ವಿಶ್ರಾಂತಿಯೇ ಬೇಕಾದವರಿಗೆ ನನ್ನ ಮತ ಕನಕಪುರದ ಸಂಗಮಕ್ಕೆ. ನಂದಿಬೆಟ್ಟದಲ್ಲಿ ಹುಟ್ಟಿ, ಮಂಚನಬೆಲೆಯಲ್ಲಿ ಕಟ್ಟೆಗೆ ಸಿಕ್ಕಿ, ರಾಮನಗರವನ್ನು ಹಾದು ಬಂದ ಅರ್ಕಾವತಿ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಹೊಳೆ ದಾಟಿ ನಾಲ್ಕು ಕಿಲೋಮೀಟರಿನಷ್ಟು ಹೋದರೆ ಮೇಕೆದಾಟು. ನೀರಿಗಿಳಿಯುವ ಚಪಲ ಬೇಡ. ಸುಳಿ ಎಷ್ಟೋ ಜೀವಗಳನ್ನು ನುಂಗಿದೆ, ಮೊಸಳೆಯೂ ಉಂಟು. ದಡದ ನೆರಳಲ್ಲಿ ಜಮಖಾನ ಹಾಸಿ ಮಧ್ಯಾಹ್ನವೆಲ್ಲ ಹೊಳೆಯನ್ನು ನೋಡುತ್ತ ಕೂರುವುದೇ ಕಾರ್ಯಕ್ರಮ.

ಕಾಡಂಚಿನ ಆ ಜಾಗದಲ್ಲಿ ಬೇಕಾದ ಊಟ ಸಿಕ್ಕೀತೆಂದು ನೆಚ್ಚುವುದು ತರವಲ್ಲ. ಬುತ್ತಿಯೇ ಗತಿ. ನಮ್ಮ ತಂಡದಲ್ಲಿ ಚಪಾತಿ, ಚಿತ್ರಾನ್ನ, ಮೊಸರನ್ನ ನಮ್ಮ ಮನೆಗಳವರ ಪಾಲಿಗೆ; ಕೋಳಿ ಪಲ್ಯ ಮತ್ತು ತರಕಾರಿ ಪಲಾವು ಸಾಹೇಬರ ಮನೆಯವರ ಪಾಲಿಗೆ ಎಂದು ಗೊತ್ತಾಗಿದೆ. ಸೌಟುಗಳು ಬೇರೆ ಬೇರೆ ಇರಲೆಂದು ನನ್ನಾಕೆ ಈಗಾಗಲೇ ನಾಲ್ಕು ಎತ್ತಿಟ್ಟಿದ್ದಾಳೆ. ಮಧ್ಯಾಹ್ನದ ನಮಾಜಿಗೆ ಒಂದು ಚಾಪೆ, ಕೈಕಾಲು ತೊಳೆಯಲು ಒಂದು ಕೊಡ ನೀರು ಹೆಚ್ಚಿಗೆ ಇರಲಿ ಎಂದು ಪಟ್ಟಿಗೆ ಸೇರಿಸಿದ್ದೇನೆ. ಬಾಳೆಹಣ್ಣನ್ನೂ ಬರೆದುಕೊಂಡಿದ್ದೇನೆ, ಎರಡು ಡಜನ್, ಅವು ಮಕ್ಕಳಿಗೆ.