ಆರ್ಕ್‌ಮ್ಯಾಪ್ ಅಳಿಸುವ ಮುನ್ನ

ಕೋಲಾರ ಸೀಮೆಯ ಕೆರೆಗಳ ನಕ್ಷೆ ಮಾಡುವುದು ನನ್ನ ಕಸುಬು. ಹದಿನಾಲ್ಕು ವರ್ಷ ಆರ್ಕ್‌ಮ್ಯಾಪ್ ಎಂಬ ಸಾಫ್ಟ್‌ವೇರ್‌ನಲ್ಲೇ ದುಡಿದೆ. ಯಾವ ಬಟನ್ ಎಲ್ಲಿದೆ ಎಂದು ಕಣ್ಣು ಹುಡುಕಬೇಕಿರಲಿಲ್ಲ, ಕೈಯೇ ಅಲ್ಲಿಗೆ ಹೋಗುತ್ತಿತ್ತು. ಅದರ ಜಾಗಕ್ಕೆ ಆರ್ಕ್‌ಜಿಐಎಸ್ ಪ್ರೊ 2015ರಲ್ಲೇ ಬಂದಿದ್ದರೂ, ಆರ್ಕ್‌ಮ್ಯಾಪ್‌ನ ಬೆಂಬಲಕ್ಕೆ 2026ರ ಮಾರ್ಚ್ 1 ಕೊನೆಯ ದಿನ ಎಂದು ಗೊತ್ತಾದ ಮೇಲೆಯೇ ನಾನು ಅತ್ತ ಹೊರಳಿದ್ದು.

ಹೊಸದು ಮೊದಲು ಕೇಳುವುದು ಪ್ರಾಜೆಕ್ಟಿನ ಹೆಸರನ್ನು. ಹೆಸರು ಕೊಟ್ಟರೆ ಒಂದು ಫೋಲ್ಡರ್, ಅದರೊಳಗೆ ಜಿಯೋಡೇಟಾಬೇಸ್, ಟೂಲ್‌ಬಾಕ್ಸ್ ಎಲ್ಲ ತಾವೇ ಸಿದ್ಧವಾಗುತ್ತವೆ. ಒಂದು ಕೆರೆಯಂಗಳ ಅಳೆಯಲು ಇಷ್ಟೆಲ್ಲ ಏಕೆ ಎಂದು ಮೊದಲ ವಾರ ಬೇಸರವಾಗಿತ್ತು.

ಹಳೆಯ ಕೆಲಸವೊಂದನ್ನು ತೆರೆದಾಗ ಬೇಸರ ಹೋಯಿತು. ಆರ್ಕ್‌ಮ್ಯಾಪ್‌ನ ಎಂಎಕ್ಸ್‌ಡಿ ಫೈಲಿಗೆ ಒಂದೇ ಲೇಔಟ್. ಹಾಗಾಗಿ ಕೆರೆಗೊಂದು, ರಾಜಕಾಲುವೆಗೊಂದು, ಒತ್ತುವರಿಗೊಂದು ಎಂದು ನಕಲು ಮಾಡುತ್ತಲೇ ಹೋಗಿದ್ದೆವು. ಮುಳಬಾಗಿಲು ಕಡೆಯ ಕೆರೆಯ ಗಡಿ ತಿದ್ದಿದ್ದು ಯಾವ ನಕಲಿನಲ್ಲಿ? ಹತ್ತು ಲೇಯರ್‌ಗಳಲ್ಲಿ ಏಳರ ಪಕ್ಕ ಕೆಂಪು ಆಶ್ಚರ್ಯಸೂಚಕ ಚಿಹ್ನೆ. ದತ್ತಾಂಶ ಇಟ್ಟ ಜಾಗದಲ್ಲಿ ಇರಲಿಲ್ಲ, ಇಟ್ಟವರು ಕೆಲಸ ಬಿಟ್ಟು ಹೋಗಿದ್ದರು. ಗುಂಟೆಯೆಂದರೆ 1,089 ಚದರಡಿ. ಈ ಗೊಂದಲದಲ್ಲಿ ಕೆರೆಯ ಗಡಿ ಅಷ್ಟು ಒಳಸರಿದರೂ ಸಾಕು, ಕೆರೆಯ ಜಾಗದಲ್ಲಿ ಮನೆ ಎದ್ದುಬಿಡುತ್ತದೆ.

ಈಗ ಆ ಕೆಲಸವೆಲ್ಲ ಒಂದೇ ಪ್ರಾಜೆಕ್ಟಿನಲ್ಲಿದೆ. 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಗುತ್ತದೆ. ಹಾಗಾಗಿ ಮಾಲೂರು ಯುಟಿಎಂ ನಿರ್ದೇಶಾಂಕ ಪದ್ಧತಿಯ 43ನೇ ವಲಯಕ್ಕೆ, ಮುಳಬಾಗಿಲು 44ಕ್ಕೆ. ಎರಡಕ್ಕೂ ಬೇರೆ ಬೇರೆ ನಕ್ಷೆ, ಬೇಕಾದಷ್ಟು ಲೇಔಟ್, ಎಲ್ಲ ಒಂದೇ ಸೂರಿನಡಿ. ನಾಳೆ ನನ್ನ ಕುರ್ಚಿಗೆ ಬರುವವರು ಹುಡುಕಾಡಬೇಕಿಲ್ಲ.

ಎಚ್ಚರವೂ ಬೇಕು. ಪ್ರಾಜೆಕ್ಟಿನ ಎಪಿಆರ್‌ಎಕ್ಸ್ ಫೈಲಿನಲ್ಲಿ ಇರುವುದು ದತ್ತಾಂಶದ ವಿಳಾಸ ಮಾತ್ರ. ಅದೊಂದನ್ನೇ ಇಮೇಲ್ ಮಾಡಿದರೆ ಆಚೆಯವರಿಗೆ ಕಾಣುವುದು ಮತ್ತದೇ ಕೆಂಪು ಚಿಹ್ನೆ, ಪ್ರಾಜೆಕ್ಟ್ ಪ್ಯಾಕೇಜ್ ಮಾಡಿಯೇ ಕಳಿಸಬೇಕು. ಇನ್ನೊಂದು, ಪ್ರಾಜೆಕ್ಟ್ ಸೇವ್ ಮಾಡಿದರೆ ತಿದ್ದಿದ ಗಡಿಯೂ ಸೇವ್ ಆಯಿತೆಂದಲ್ಲ. ಎಡಿಟ್ ಟ್ಯಾಬಿನಲ್ಲಿರುವ ಸೇವ್ ಬೇರೆ.

ಇವೆಲ್ಲ ಕೈಗೆ ಹತ್ತಲು ನನಗೆ ಎರಡು ತಿಂಗಳು ಹಿಡಿಯಿತು. ಸಾಫ್ಟ್‌ವೇರ್ ಹಾಕಿಸಿ, ಮರುದಿನವೇ ಹಳೆಯ ವೇಗ ಕೇಳುವುದು ಅನ್ಯಾಯ. ಕಲಿಯುವ ಹೊತ್ತನ್ನೂ ಕಚೇರಿಗಳು ಕೆಲಸದ ಲೆಕ್ಕಕ್ಕೆ ಹಿಡಿಯಲೇಬೇಕು.

ಕೊನೆಗೊಂದು ವಿನಂತಿ. ಎಷ್ಟೋ ಹಳೆಯ ಸರ್ವೆಗಳು ಎಂಡಿಬಿ ರೂಪದ ಪರ್ಸನಲ್ ಜಿಯೋಡೇಟಾಬೇಸ್‌ನಲ್ಲಿವೆ. ಪ್ರೊ ಅವನ್ನು ನೇರವಾಗಿ ತೆರೆಯುವುದಿಲ್ಲ. ಆರ್ಕ್‌ಮ್ಯಾಪ್ ಇರುವ ಒಂದು ಕಂಪ್ಯೂಟರನ್ನು ದಯವಿಟ್ಟು ಉಳಿಸಿಕೊಳ್ಳಿ, ಅವನ್ನೆಲ್ಲ ಫೈಲ್ ಜಿಯೋಡೇಟಾಬೇಸ್‌ಗೆ ಬದಲಿಸಿದ ಮೇಲೆಯೇ ಆರ್ಕ್‌ಮ್ಯಾಪ್ ಅಳಿಸಿ.